ಹಸಿರು ಬಳೆಗೆ ರಬ್ಬರ್ ಬ್ಯಾಂಡ್

ಆಂಟಿಯ ಎರಡೂ ಕೈ ತುಂಬ ಹಸಿರು ಗಾಜಿನ ಬಳೆಗಳು, ಅವುಗಳ ಮೇಲೆ ಬೂದು ಬಣ್ಣದ ಆಫೀಸ್ ಕೋಟಿನ ತೋಳು. ಮೀಟಿಂಗಿಗೆ ಹೋಗುವ ಮುಂಚೆ ಡ್ರಾಯರಿನಿಂದ ಎರಡು ರಬ್ಬರ್ ಬ್ಯಾಂಡ್ ತೆಗೆದು, ಬಳೆಗಳನ್ನು ಮೊಣಕೈಯತ್ತ ಸರಿಸಿ, ಸದ್ದು ಮಾಡದ ಹಾಗೆ ಬಿಗಿದುಕೊಳ್ಳುತ್ತಿದ್ದರು. ದಿನವೂ ಬಿಗಿದು ಬಿಗಿದು ಮುಂಗೈ ಮೇಲೆ ತೆಳ್ಳಗೆ ಒಂದು ಗೆರೆಯೇ ಉಳಿದುಬಿಟ್ಟಿತ್ತು. ಮೀಟಿಂಗ್ ಮುಗಿಸಿ ಬಂದವರೇ ಬ್ಯಾಂಡ್ ಕಿತ್ತು ಕೈ ಒದರುವರು. ಆ ಗಲಗಲ ಕೇಳಿದರೆ ನಮ್ಮ ಸಾಲಿನಲ್ಲಿ ಕೂತ ಅಮೆರಿಕನ್ನರಿಗೂ ಇನ್ನು ಅವರ ಹತ್ತಿರ ಹೋಗಿ ಮಾತಾಡಬಹುದು ಎಂದು ಗೊತ್ತಾಗುತ್ತಿತ್ತು.

‘ಅಷ್ಟು ಕಷ್ಟ ಯಾಕೆ ಆಂಟಿ, ತೆಗೆದಿಟ್ಟು ಬರಬಾರದಾ?’ ಎಂದು ಒಮ್ಮೆ ಕೇಳಿದ್ದೆ.

‘ಬಳಿ ಬ್ಯಾರೆ, ಮೀಟಿಂಗ್ ಬ್ಯಾರೆ,’ ಅಂದರು. ‘ಒಂದಕ್ಕ ಅಂತ ಇನ್ನೊಂದು ಬಿಡೂದು ಯಾಕ?’

ಅದು ಅವರ ಮಾತಿನ ಧಾಟಿ. ಅದು ಬ್ಯಾರೆ, ಇದು ಬ್ಯಾರೆ. ದಿನಕ್ಕೆ ನಾಲ್ಕು ಸಲವಾದರೂ ಅನ್ನದೆ ಅವರಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

ನ್ಯೂಜೆರ್ಸಿಯ ಮಾರಿಸ್‌ಟೌನಿನಲ್ಲಿ ಔಷಧಿ ಬಾಟಲಿಗಳ ಲೇಬಲ್ ಮುದ್ರಿಸುವ ಕಂಪನಿ ನಮ್ಮದು. ಕೆಳಗೆ ಯಂತ್ರಗಳು, ಮೇಲೆ ಆಫೀಸು. ನಾನು ಮೇಲೆ ಸಾಫ್ಟ್‌ವೇರ್ ನೋಡಿಕೊಳ್ಳುವವಳು. ಅವರು ಬೆನಿಫಿಟ್ಸ್ ವಿಭಾಗದ ಮುಖ್ಯಸ್ಥೆ. ಅಂದರೆ ಕೆಳಗಿನವರೂ ಮೇಲಿನವರೂ ಸೇರಿ ನಮ್ಮೆಲ್ಲರ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಏನು ಇರಬೇಕು, ಏನು ಬೇಡ ಎಂದು ಮಾಲೀಕರ ಸಮಿತಿಗೆ ಸಲಹೆ ಕೊಡುವವರು. ಅವರು ಧಾರವಾಡದವರು, ನಾನು ಮೈಸೂರಿನವಳು. ಮದುವೆಯಾಗಿ ಬಂದಾಗಿನಿಂದ ಅವರು ಅಲ್ಲೇ ದುಡಿದವರು. ನಾನು ಹೋಬೋಕನ್‌ನಿಂದ ಬೆಳಿಗ್ಗೆ ಟ್ರೈನು ಹಿಡಿದು ಕಮ್ಯೂಟ್ ಮಾಡುವವಳು. ಎಲ್ಲರೂ ಮ್ಯಾನ್‌ಹಟನ್ ಕಡೆ ಓಡುವಾಗ ನಾನೊಬ್ಬಳು ಉಲ್ಟಾ ದಿಕ್ಕಿನ ಖಾಲಿ ಡಬ್ಬಿಯಲ್ಲಿ ಕೂತಿರುತ್ತಿದ್ದೆ. ಮಾರಿಸ್‌ಟೌನ್ ಸ್ಟೇಷನ್ನಿನಲ್ಲಿ ಅವರ ಕಾರು ಹೀಟರ್ ಹಾಕಿಕೊಂಡು ಕಾಯುತ್ತಿತ್ತು. ನಾನು ಕೇಳಿಕೊಂಡದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ನಾನು ಹಿಮದಲ್ಲಿ ಕಾಲು ಜಾರುತ್ತ ಬರುವುದನ್ನು ನೋಡಿದವರು, ಮರುದಿನದಿಂದ ಬಂದು ನಿಲ್ಲತೊಡಗಿದರು.

ಕಾರಿನಲ್ಲಿ ಕನ್ನಡ. ‘ಏನವಾ, ನಾಷ್ಟಾ ಆತೇನು?’ ಇಂದ ಶುರುವಾಗಿ ಅವರ ಗಂಡನ ಗೊರಕೆ, ಮಗಳ ಹಟ, ಇಂಡಿಯನ್ ಅಂಗಡಿಯಿಂದ ತಂದ ಬದನೆಕಾಯಿಯಲ್ಲಿ ಸಿಕ್ಕ ಹುಳ, ಎಲ್ಲವೂ ಬರುತ್ತಿತ್ತು. ಪಾರ್ಕಿಂಗ್ ಲಾಟಿನವರೆಗೂ ಕನ್ನಡ. ಆಫೀಸಿನ ಗಾಜಿನ ಬಾಗಿಲು ದಾಟಿದರೆ ಮುಗಿಯಿತು, ಇಂಗ್ಲಿಷ್ ಬಿಟ್ಟು ಒಂದಕ್ಷರ ಹೊರಡದು. ‘ನಮ್ಮಿಬ್ಬರದೂ ಒಂದ ಭಾಷಾ ಅಂತ ನಾಳೆ ಯಾರೂ ಏನೂ ಅನಬಾರದು’ ಎನ್ನುವರು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಅದೇ ಬಾಗಿಲು ನನ್ನ ಮುಖಕ್ಕೆ ಬಂದು ಬಡಿಯಿತು.

ನಮಗೆ ಮಕ್ಕಳಾಗಿರಲಿಲ್ಲ. ನನಗೂ ನನ್ನ ಗಂಡನಿಗೂ ಬೇಕಿತ್ತು, ಬಹಳ ಬೇಕಿತ್ತು. ಕೇಳಿದವರಿಗೆಲ್ಲ ‘ಈಗಲೇ ಬೇಡ ಅಂತಿದೀವಿ, ಕೆರಿಯರ್ ನೋಡಬೇಕು’ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಜಂಬಗಾರ್ತಿ ಅನ್ನಿಸಿಕೊಳ್ಳುವುದು ಎಷ್ಟೋ ವಾಸಿ. ನನ್ನ ಎರಡೂ ಟ್ಯೂಬುಗಳು ಮುಚ್ಚಿಕೊಂಡಿವೆ, ಐವಿಎಫ್ ಒಂದೇ ದಾರಿ, ವಯಸ್ಸು ನೋಡಿದರೆ ತಡಮಾಡಬೇಡಿ ಎಂದು ಡಾಕ್ಟರ್ ಹೇಳಿದ್ದರು. ಮೊದಲ ಸಲ ಕೈಯಿಂದಲೇ ಖರ್ಚು ಮಾಡಿ ನೋಡಿದೆವು, ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಇನ್ಶೂರೆನ್ಸಿನವರು ಇದು ನಿಮ್ಮ ಪ್ಲಾನಿನಲ್ಲಿ ಇಲ್ಲ ಎಂದರು. ನ್ಯೂಜೆರ್ಸಿಯಲ್ಲಿ ಇದಕ್ಕೊಂದು ಕಾನೂನಿದೆಯಲ್ಲ ಎಂದು ನಾನು ಓದಿಕೊಂಡಿದ್ದೆ. ಆದರೆ ನಮ್ಮದು ಕಂಪನಿಯೇ ತನ್ನ ಹಣದಿಂದ ನಡೆಸುವ ಪ್ಲಾನ್, ಅಂಥದ್ದಕ್ಕೆ ರಾಜ್ಯದ ಕಾನೂನು ತಾಗುವುದಿಲ್ಲವಂತೆ. ಸೇರಿಸುವುದು ಬಿಡುವುದು ಕಂಪನಿಯ ಇಷ್ಟ. ಅಂದರೆ ಸಮಿತಿಯ ಇಷ್ಟ. ಅಂದರೆ ದಿನಾ ನನ್ನನ್ನು ಕಾರಿನಲ್ಲಿ ಕರೆತರುವವರ ಮಾತಿನ ಮೇಲೆ ನಿಂತಿದ್ದು.

ಅಪಾಯಿಂಟ್‌ಮೆಂಟ್ ತೆಗೆದುಕೊಂಡೇ ಅವರ ಕೋಣೆಗೆ ಹೋದೆ. ಅವರು ಬಾಗಿಲು ಹಾಕಿದರು, ರಬ್ಬರ್ ಬ್ಯಾಂಡ್ ಬಿಗಿದುಕೊಂಡರು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: ಇನ್ಶೂರೆನ್ಸ್ ಇರುವುದು ಕಾಯಿಲೆಗೆ. ಮಗು ಬೇಕೆನ್ನುವುದು ಕಾಯಿಲೆಯಲ್ಲ, ಆಸೆ. ಒಳ್ಳೆಯ ಆಸೆಯೇ, ಆದರೂ ಆಸೆ. ಇದನ್ನು ಸೇರಿಸಿದರೆ ಎಲ್ಲರ ಸಂಬಳದಿಂದ ಕಡಿತ ಹೆಚ್ಚುತ್ತದೆ. ಕೆಳಗೆ ಯಂತ್ರದ ಹತ್ತಿರ ದಿನವಿಡೀ ನಿಲ್ಲುವವನು ನಾಲ್ಕು ಮಕ್ಕಳ ತಂದೆ, ಅವನ ಕೈಯಿಂದ ಕಿತ್ತು ನಿನಗೆ ಹೇಗೆ ಕೊಡಲಿ?

ನನಗೆ ಮೂಗಿನ ತುದಿಯಲ್ಲೇ ಕೋಪ. ‘ಆ ನಾಲ್ಕು ಹೆರಿಗೆಗೂ ನನ್ನ ಸಂಬಳದಿಂದ ಕಿತ್ತಿದ್ದೀರಲ್ಲ, ಆಗ ನನ್ನನ್ನು ಯಾರು ಕೇಳಿದರು?’ ಎಂದು ಕೇಳಿಯೇ ಬಿಟ್ಟೆ. ‘ನನ್ನ ಟ್ಯೂಬ್ ಮುಚ್ಚಿರುವುದು ನನ್ನ ಆಸೆಯಾ?’

‘ನೀನು ಹೇಳುವುದರಲ್ಲಿ ನ್ಯಾಯ ಇದೆ,’ ಅಂದರು. ‘ಆದರೂ ನಾನು ಶಿಫಾರಸು ಮಾಡಲಾರೆ.’

ಸಂಜೆ ಕಾರಿನಲ್ಲಿ ಆ ವಿಷಯವೇ ಇಲ್ಲ. ‘ಶೇಂಗಾ ಹಿಂಡಿ ಮಾಡೀನಿ, ಡಬ್ಬಿ ಹಿಂದಿನ ಸೀಟಿನ್ಯಾಗ ಅದ, ತಗೊಂಡು ಹೋಗು,’ ಅಂದರು. ನಾನು ಹಲ್ಲು ಕಚ್ಚಿಕೊಂಡು ಡಬ್ಬಿ ತೆಗೆದುಕೊಂಡೆ. ಒಂದು ಮಾತು ಮಾತ್ರ ನಾನು ಒಪ್ಪಲೇಬೇಕು, ಆಫೀಸಿನಲ್ಲಿ ಯಾರ ಮೈಯ ವಿಷಯ ಅವರ ಕಿವಿಗೆ ಬಿದ್ದರೂ ಅದು ಅಲ್ಲೇ ಉಳಿಯುತ್ತಿತ್ತು. ಯಾರಿಗೆ ಏನು ಆಪರೇಷನ್, ಯಾರು ಕುಡಿತ ಬಿಡಿಸಿಕೊಳ್ಳಲು ಹೋಗಿದ್ದಾರೆ, ಎಲ್ಲ ಗೊತ್ತಿದ್ದವರು ಅವರು. ಗಂಡನ ಮುಂದೆಯೂ ಬಾಯಿ ಬಿಟ್ಟವರಲ್ಲ. ನನ್ನ ಗುಟ್ಟು ಅವರಲ್ಲಿ ಭದ್ರವಾಗಿದೆ ಎಂಬ ನೆಮ್ಮದಿಯೊಂದಿತ್ತು.

ಆ ಚಳಿಗಾಲದಲ್ಲಿ ನಮ್ಮಿಬ್ಬರಿಗೂ ಬೇಕಾದ ಒಬ್ಬ ಹುಡುಗಿಯ ಸೀಮಂತ ನಡೆಯಿತು. ಮನೆಯ ಬೇಸ್‌ಮೆಂಟಿನಲ್ಲಿ ಜಮಖಾನೆ ಹಾಸಿ, ಹೂವಿನ ಸರ ಇಳಿಬಿಟ್ಟು ಎಲ್ಲ ಚೆನ್ನಾಗಿ ಮಾಡಿದ್ದರು. ಇಂಥ ಕಡೆ ಯಾವಾಗಲೂ ಆಂಟಿಯದೇ ಯಜಮಾನಿಕೆ. ಯಾರು ಮೊದಲು ಉಡಿ ತುಂಬಬೇಕು, ಯಾರು ಆರತಿ ಎತ್ತಬೇಕು, ಅವರು ಬೆರಳು ತೋರಿಸಿದವರು ಎದ್ದು ಬರಬೇಕು. ನಾನು ಆರತಿ ತಟ್ಟೆ ಸಿದ್ಧಮಾಡಿ, ಬತ್ತಿಗೆ ತುಪ್ಪ ಹಾಕಿ, ದೀಪ ಹಚ್ಚಿ, ನಾಲ್ಕು ಹೆಂಗಸರ ಜೊತೆ ಮುಂದೆ ಬಂದೆ. ಐದನೆಯವಳು ನಾನು.

ಆಂಟಿ ನನ್ನ ಮುಖ ನೋಡಿದರು. ಎದ್ದು ಬಂದು ನನ್ನ ಕೈಯಿಂದ ತಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡರು. ‘ನೀ ಒಳಗ ಹೋಗಿ ಕೋಸಂಬರಿ ನೋಡವಾ, ಉಪ್ಪು ಹಾಕ್ಯಾರೋ ಇಲ್ಲೋ,’ ಎಂದು ಹೇಳಿ, ಪಕ್ಕದಲ್ಲಿದ್ದ ಎರಡು ಮಕ್ಕಳ ತಾಯಿಯ ಕೈಗೆ ಅದನ್ನು ಕೊಟ್ಟರು.

ಬೈದಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ಅಷ್ಟು ಪ್ರೀತಿಯಿಂದ ಹೇಳಿದರಲ್ಲ, ಅದಕ್ಕೇ ಎಲ್ಲರಿಗೂ ಗೊತ್ತಾಯಿತು. ಹಾಡು ಹೇಳುತ್ತಿದ್ದವರು ಒಂದು ಕ್ಷಣ ನಿಂತು ಮತ್ತೆ ಶುರುಮಾಡಿದರು. ನಾನು ಅಡುಗೆಮನೆಗೆ ಹೋಗಿ ಕೋಸಂಬರಿ ಪಾತ್ರೆಯ ಮುಂದೆ ನಿಂತೆ. ಹಿಂದೆಯೇ ಒಬ್ಬಾಕೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟು, ‘ಯಾವ ಡಾಕ್ಟರ್ ಹತ್ರ ತೋರಿಸ್ತಿದೀಯಾ? ನಮ್ಮ ಕಸಿನ್‌ಗೂ ಹೀಗೇ ಪ್ರಾಬ್ಲಮ್ ಇತ್ತು,’ ಅಂದಳು. ವರ್ಷಗಟ್ಟಲೆ ನಾನು ಹೇಳಿಕೊಂಡು ಬಂದಿದ್ದ ಕೆರಿಯರ್ ಕತೆ ಆ ಕೋಸಂಬರಿಯ ಮುಂದೆ ಮುಗಿದುಹೋಯಿತು. ಮೈಯೆಲ್ಲ ಉರಿಯಿತು. ಊಟಕ್ಕೂ ನಿಲ್ಲದೆ ಗಂಡನನ್ನು ಎಬ್ಬಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅತ್ತೆ. ‘ಅವರು ಬೇಕೂಂತ ಮಾಡಿರಲ್ಲ ಕಣೆ,’ ಎಂದು ಅವನು ಹೇಳಿದ್ದಕ್ಕೆ ಅವನನ್ನೂ ಬೈದೆ.

ಸೋಮವಾರ ಸ್ಟೇಷನ್ನಿನಲ್ಲಿ ಅವರ ಕಾರು ನಿಂತಿತ್ತು. ನೋಡದವಳ ಹಾಗೆ ಮುಂದೆ ನಡೆದೆ. ಫುಟ್‌ಪಾತ್ ಮೇಲೆ ಹಿಮ ಗಟ್ಟಿಯಾಗಿ ಬಿದ್ದಿತ್ತು. ಸ್ವಲ್ಪ ದೂರ ಹೋಗಿ ತಿರುಗಿದರೆ, ಕಾರು ಮಿಣಮಿಣ ದೀಪ ಹಾಕಿಕೊಂಡು ನಾನು ನಡೆದಷ್ಟೇ ನಿಧಾನಕ್ಕೆ ನನ್ನ ಪಕ್ಕದಲ್ಲೇ ಬರುತ್ತಿದೆ. ಹಿಂದೆ ಸಾಲುಗಟ್ಟಿದ ಕಾರುಗಳು ಹಾರ್ನ್ ಬಾರಿಸುತ್ತಿವೆ. ಆಂಟಿ ಕಿಟಕಿ ಇಳಿಸಿದರು.

‘ಹತ್ತು ತಂಗಿ. ಮೊದಲ ಕಾರು ಹತ್ತು, ಆಮ್ಯಾಲೆ ಎಷ್ಟು ಬೇಕಾದಷ್ಟು ಬೈ.’

ಹಾರ್ನುಗಳ ಕಾಟಕ್ಕೆ ಹತ್ತಿದೆ. ಬೈಯಲಿಲ್ಲ. ಅವರೇ ಶುರುಮಾಡಿದರು.

‘ಆರತಿ ಎತ್ತುವಾಗ ನಿನಗ ನೋವಾಗತದ ಅಂತ ಮಾಡಿದೆ.’

‘ಗೊತ್ತು ಆಂಟಿ. ಅದಕ್ಕೇ ಜಾಸ್ತಿ ನೋವಾಗಿದ್ದು.’

ಅವರು ಆಫೀಸಿನ ಕಡೆ ತಿರುಗದೆ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಬಹಳ ಹೊತ್ತು ಎದುರಿನ ಹಿಮದ ರಾಶಿಯನ್ನೇ ನೋಡುತ್ತ ಕೂತರು.

‘ಇಷ್ಟು ವರ್ಷ ಯಾರ ಗುಟ್ಟೂ ನನ್ನ ಬಾಯಿಂದ ಹೊರಗ ಬಂದಿಲ್ಲ,’ ಅಂದರು. ‘ನಿಂದು ನನ್ನ ಕೈಯಿಂದ ಬಂತು. ಒಂದು ಮಾತೂ ಆಡಲಿಲ್ಲ, ತಾಟು ಕಸಗೊಂಡೆ, ಎಲ್ಲಾರಿಗೂ ತಿಳೀತು.’ ‘ನಿನ್ನೆ ರಾತ್ರಿ ನಿದ್ದಿ ಹತ್ತಲಿಲ್ಲ. ಆಫೀಸಿನ್ಯಾಗ ನಿನಗೇನಂದೆ? ಇದು ಕಾಯಿಲೆ ಅಲ್ಲ ಅಂದೆ. ಸೀಮಂತದಾಗ ಏನು ಮಾಡಿದೆ? ಕಾಯಿಲೆ ಬಿದ್ದವರನ್ನ ದೂರ ಕೂಡಿಸಿಧಂಗ ಕೂಡಿಸಿದೆ. ಎರಡರಾಗ ಒಂದು ಸುಳ್ಳು ಆಗಲೇಬೇಕಲ್ಲ.’

ನಾನು ಕಿಟಕಿಯ ಗಾಜಿನ ಮಂಜು ಒರೆಸಿದೆ.

‘ನಾನ ಅಂತಿದ್ದೆ, ಅದು ಬ್ಯಾರೆ ಇದು ಬ್ಯಾರೆ ಅಂತ,’ ಎಂದು ಹೇಳಿ ಕಾರು ಶುರುಮಾಡಿದರು.

ಅದಾದ ಮೇಲೆ ಅವರು ಮಾಡಿದ್ದು ನನಗಾಗಿ ಅಂತ ಹೇಳಿದರೆ ಅವರು ಮೇಲಿನ ಲೋಕದಿಂದಲೇ ನನ್ನನ್ನು ಗದರಿಸಿಯಾರು. ಮೊದಲು ಮಾಲೀಕರ ಬಳಿ ಹೋಗಿ, ಇದರಿಂದ ಅನುಕೂಲವಾಗುವ ಒಬ್ಬರು ನನಗೆ ಹತ್ತಿರದವರು, ಅದನ್ನು ತಿಳಿದುಕೊಂಡೇ ನನ್ನ ಮಾತು ಕೇಳಿ ಎಂದು ಹೇಳಿಬಿಟ್ಟರಂತೆ. ಆಮೇಲೆ ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಗೆ ಯಂತ್ರದವರ ನಡುವೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಸೇರಿಸಿದರೆ ನಿಮ್ಮ ಕಡಿತ ಸ್ವಲ್ಪ ಏರುತ್ತದೆ, ಏನಂತೀರಿ ಎಂದು ಮುಚ್ಚುಮರೆ ಇಲ್ಲದೆ ಕೇಳಿದರು. ನಾಲ್ಕು ಮಕ್ಕಳ ತಂದೆ ಭುಜ ಕುಣಿಸಿ, ಕೊಡೋಣ ಬಿಡಿ ಅಂದನಂತೆ. ಇನ್ನೊಬ್ಬ ಮಾತ್ರ, ಯಾರದೋ ಮಗುವಿಗೆ ನಾನು ಯಾಕೆ ಕೊಡಲಿ ಎಂದು ಹಟ ಹಿಡಿದವನು ಕೊನೆಗೂ ಬಗ್ಗಲಿಲ್ಲ. ‘ಅವನೂ ಸುಳ್ಳು ಹೇಳಲಿಲ್ಲ ತಂಗಿ, ಅವನ ಮನ್ಯಾಗೂ ತ್ರಾಸ ಅದ,’ ಎಂದು ಆಂಟಿ ಕಾರಿನಲ್ಲಿ ಹೇಳಿದರು. ಅವತ್ತೇ ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸು, ಊಟದ ಹೊತ್ತಿನಲ್ಲಿ ತುಟಿ ಬಿಚ್ಚದವಳು, ಮೆಟ್ಟಿಲವರೆಗೂ ಹಿಂದೆ ಬಂದು, ‘ಯಾವಾಗಿನಿಂದ ಶುರುವಾಗುತ್ತೆ?’ ಎಂದು ಮೆತ್ತಗೆ ಕೇಳಿದಳಂತೆ. ಆ ಒಂದು ಪ್ರಶ್ನೆ ಆಂಟಿಯನ್ನು ಅಲ್ಲಾಡಿಸಿಬಿಟ್ಟಿತ್ತು. ಇದು ಮೇಲಿನ ಮಹಡಿಯವರ ಚಿಂತೆ ಎಂದೇ ಅವರು ತಿಳಿದಿದ್ದರು.

ಸಮಿತಿಯಲ್ಲಿ ಹಣಕಾಸಿನವನು ಅಡ್ಡ ಬಂದ. ಅದು ಬೇಕಾದವರ ಬಯಕೆ, ಕಾಯಿಲೆಯಲ್ಲ ಎಂದ. ಒಂದು ಕಾಲದಲ್ಲಿ ಆಂಟಿಯೇ ಆಡಿದ ಮಾತು. ಆಂಟಿ ಅವನ ಮಂಡಿ ಆಪರೇಷನ್ ನೆನಪಿಸಿದರು. ಅದನ್ನವನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದ, ಗುಟ್ಟೇನೂ ಅಲ್ಲ. ‘ನಡೆಯುವುದಕ್ಕೆ ನಿನ್ನ ಹಳೆಯ ಮಂಡಿಯೇ ಸಾಕಿತ್ತು. ಗಾಲ್ಫ್ ಆಡುವುದಕ್ಕೆ ಹೊಸದು ಬೇಕಿತ್ತು. ನಾವು ಕೊಟ್ಟೆವು, ಸಂತೋಷದಿಂದಲೇ ಕೊಟ್ಟೆವು. ಎಲ್ಲರಿಗೂ ಇರುವುದು ನಿನಗಿರಲಿಲ್ಲ ಅಂತ ಕೊಟ್ಟೆವು,’ ಅಂದರಂತೆ. ಮಾಲೀಕರ ಸಹಾಯಕಿ ನನಗೆ ಇದನ್ನು ಹೇಳುತ್ತ ಇನ್ನೊಂದು ಮಾತು ಸೇರಿಸಿದಳು: ‘ಅವತ್ತು ಅವರ ಬಳೆಗಳು ಸದ್ದು ಮಾಡುತ್ತಲೇ ಇದ್ದವು. ಬ್ಯಾಂಡ್ ಮರೆತಿದ್ದರೋ ಏನೋ.’

ಮರೆಯುವ ಹೆಂಗಸಲ್ಲ ಅವರು.

ಹೊಸ ವರ್ಷದಿಂದ ಪ್ಲಾನಿನಲ್ಲಿ ಅದು ಸೇರಿತು. ಧಾರಾಳವಾಗಿ ಅಲ್ಲ, ಇಷ್ಟೇ ಸಲ ಎಂಬ ಮಿತಿಯ ಜೊತೆಗೆ. ಅಷ್ಟರಲ್ಲಿ ನನಗೆ ವಯಸ್ಸು ಇನ್ನೊಂದು ವರ್ಷ ಏರಿತ್ತು. ಕೊಟ್ಟಷ್ಟು ಸಲವೂ ಪ್ರಯತ್ನಿಸಿದೆವು. ಹೊಟ್ಟೆಗೆ ಚುಚ್ಚಿಕೊಂಡ ಸೂಜಿಗಳು, ಬೆಳಿಗ್ಗೆ ಬೆಳಿಗ್ಗೆ ರಕ್ತಪರೀಕ್ಷೆ, ಫೋನು ಬರುವವರೆಗೂ ಉಸಿರು ಬಿಗಿಹಿಡಿದು ಕೂರುವುದು. ಆಗಲಿಲ್ಲ. ಕೊನೆಯ ಫೋನು ಬಂದಾಗ ನಾನು ಅವರ ಕಾರಿನಲ್ಲೇ ಇದ್ದೆ. ಅವರು ಸಮಾಧಾನ ಹೇಳಲಿಲ್ಲ, ದೇವರ ಹೆಸರೆತ್ತಲಿಲ್ಲ, ದತ್ತು ತಗೋ ಅನ್ನಲಿಲ್ಲ. ಸೀದಾ ತಮ್ಮ ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ ಬಡಿದು ಹಾಕಿದರು.

‘ಎಲ್ಲರ ದುಡ್ಡೂ ನೀರಿಗೆ ಹಾಕಿದ ಹಾಗಾಯ್ತು ಆಂಟಿ,’ ಅಂದೆ. ನನಗೆ ಯಂತ್ರದ ಹತ್ತಿರ ನಿಲ್ಲುವವರ ಮುಖ ನೋಡುವುದಕ್ಕೇ ನಾಚಿಕೆಯಾಗಿತ್ತು.

ಅವರಿಗೆ ಸಿಟ್ಟು ಬಂತು. ‘ನಮ್ಮ ಮಾವನವರಿಗೆ ಇಲ್ಲೇ ಬೈಪಾಸ್ ಮಾಡಿಸಿದ್ವಿ. ವಾರದಾಗ ಹೋದ್ರು. ಅಯ್ಯ, ಆಪರೇಷನ್ ವೇಸ್ಟ್ ಆತು ಅಂತ ಯಾರರೇ ಅಂದ್ರೇನು? ಬದುಕಿಸಲಿಕ್ಕೆ ನೋಡಿದ್ರು ಅಂದ್ರು. ಕೂಸಿನ ವಿಷಯಕ್ಕ ಅಷ್ಟ ಯಾಕ ರಿಸಲ್ಟ್ ಕೇಳತಾರ? ಉಣ್ಣು ನೀ.’

ಉಂಡೆ. ಅಳುತ್ತಳುತ್ತಲೇ ಉಂಡೆ.

ಪ್ಯಾಕಿಂಗ್ ವಿಭಾಗದ ಆ ಹೆಂಗಸಿಗೆ ಹೆಣ್ಣು ಮಗು ಹುಟ್ಟಿತು. ಆಕೆಯೇ ಎತ್ತಿಕೊಂಡು ಬಂದು ಎಲ್ಲರಿಗೂ ತೋರಿಸಿ, ಹೇಗೆ ಹುಟ್ಟಿತೆಂದು ಬಾಯ್ತುಂಬ ಹೇಳಿಕೊಂಡಳು. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆಯಿತು. ಆದರೆ ಆ ಕೂಸಿನಲ್ಲಿ ನನ್ನ ಸಂಬಳದ ಒಂದು ಪುಟ್ಟ ಪಾಲೂ ಇದೆಯಲ್ಲ ಅನ್ನಿಸಿ, ಅದರ ಅಂಗಾಲು ಮುಟ್ಟಿ ನೋಡಿ ಬಂದೆ.

ಆಂಟಿಗೆ ಕ್ಯಾನ್ಸರ್ ಎಂದು ಗೊತ್ತಾದದ್ದು ಅದರ ಮರು ವರ್ಷ. ಮಲಗಿದಲ್ಲಿಂದಲೇ ಇನ್ಶೂರೆನ್ಸಿನವರಿಗೆ ಫೋನು ಹಚ್ಚಿ, ಅವರ ಪ್ಲಾನಿನ ಕಾನೂನನ್ನು ಅವರಿಗೇ ಪಾಠ ಮಾಡುತ್ತಿದ್ದರು. ಅದೇ ಹೊತ್ತಿಗೆ ಅವರ ಮಗಳು ಬಸುರಿ. ತಾಯಿ ಕಣ್ತುಂಬ ನೋಡಲೆಂದು ಸೀಮಂತವನ್ನು ಬೇಗನೆ ಇಟ್ಟುಕೊಂಡರು. ನಾನು ಹೋಗಿ ಒಂದು ಮೂಲೆಯಲ್ಲಿ ಕೂತೆ. ಆಂಟಿ ರೆಕ್ಲೈನರ್ ಕುರ್ಚಿಯಲ್ಲಿ ಕಂಬಳಿ ಹೊದ್ದು ಒರಗಿದ್ದರು. ಕೈ ಎಷ್ಟು ಸಣ್ಣಗಾಗಿತ್ತೆಂದರೆ ಬಳೆಗಳು ಮೊಣಕೈವರೆಗೂ ತಾವಾಗಿಯೇ ಜಾರುತ್ತಿದ್ದವು. ಆರತಿಯ ಹೊತ್ತಾಯಿತು. ಎಲ್ಲರೂ ಅವರ ಬೆರಳನ್ನೇ ನೋಡುತ್ತಿದ್ದೆವು. ಬೆರಳು ನನ್ನ ಕಡೆ ಬಂದು ನಿಂತಿತು.

‘ನೀ ಮೊದಲ.’

ನಾನು ಏಳಲಿಲ್ಲ. ಅವರ ಮಗಳ ಹೊಟ್ಟೆ, ಸುತ್ತಲಿನ ಹೆಂಗಸರ ಕಣ್ಣು. ‘ಬೇಡ ಆಂಟಿ, ಬೇರೆ ಯಾರಾದರೂ ಎತ್ತಲಿ. ನಾನು ಒಳಗೆ ಸ್ವಲ್ಪ…’

‘ಕೋಸಂಬರಿ ನೋಡಲಿಕ್ಕೆ ಬ್ಯಾರೆ ಮಂದಿ ಇದ್ದಾರ,’ ಅಂದರು. ‘ನೀ ಬಾ ತಂಗಿ.’

ಮಗಳು ತಾನೇ ತಟ್ಟೆಯನ್ನು ತೆಗೆದು, ‘ಕಮ್ ಆನ್ ಅಕ್ಕಾ, ಐ ವಾಂಟ್ ಯು ಟು,’ ಎಂದು ನನ್ನ ಕೈಗಿಟ್ಟಳು. ಬೆಳಗಿದೆ. ದೀಪ ಆರಲಿಲ್ಲ. ಬಳೆ ತೊಡಿಸುವಾಗ ಆಂಟಿ ನನ್ನನ್ನು ಹತ್ತಿರ ಕರೆದು, ತಾವೇ ಕಷ್ಟಪಟ್ಟು ನನ್ನ ಎರಡೂ ಕೈಗೆ ಹಸಿರು ಬಳೆ ಏರಿಸಿದರು. ಮೊಮ್ಮಗನ ಮುಖ ಅವರು ನೋಡಲಿಲ್ಲ. ಅವನು ಹುಟ್ಟುವ ಮೊದಲೇ ಹೋದರು.

ಕಳೆದ ಶರತ್ಕಾಲದಲ್ಲಿ, ಅವರ ಜಾಗಕ್ಕೆ ಬಂದವನು ಖರ್ಚು ಹೆಚ್ಚುತ್ತಿದೆ, ಬಂಜೆತನದ ಚಿಕಿತ್ಸೆಯನ್ನು ಪ್ಲಾನಿನಿಂದ ತೆಗೆಯೋಣ ಎಂದು ಸಮಿತಿಯ ಮುಂದಿಟ್ಟ. ಮಾತಾಡಬೇಕೆಂದು ನಾನು ಅನುಮತಿ ಕೇಳಿದೆ. ‘ನಿಮಗೆ ಇನ್ನು ಇದರಿಂದ ಏನೂ ಉಪಯೋಗವಿಲ್ಲ ಅಂತ ಕೇಳಿದ್ದೇನೆ,’ ಎಂದು ಅವನು ಸಂಕೋಚದಿಂದಲೇ ಅಂದ. ಹೌದು, ಇಲ್ಲ ಅಂದೆ. ನನ್ನ ಮಂಡಿಯೂ ಸರಿಯಾಗಿಯೇ ಇದೆ, ಆದರೂ ಮಂಡಿ ಕೆಟ್ಟವರಿಗೆ ನಾನು ಪ್ರತಿ ತಿಂಗಳೂ ಕೊಡುತ್ತಿದ್ದೇನೆ ಅಂದೆ. ಆಮೇಲೆ ಕೆಳಗಿನವರ ಜೊತೆ ಕೂತು ಕೇಳಿಕೊಂಡು ಬಂದದ್ದನ್ನು, ಒಪ್ಪದವರ ಮಾತನ್ನೂ ಸೇರಿಸಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ವರ್ಷಕ್ಕೆ ಉಳಿದುಕೊಂಡಿತು. ಮುಂದಿನ ವರ್ಷ ಮತ್ತೆ ಹೋಗಿ ಕೂರಬೇಕಾಗುತ್ತದೆ.

ಆ ಮೀಟಿಂಗಿಗೆ ಹೊರಡುವಾಗ ಆಂಟಿಯ ಹಳೆಯ ಮೇಜಿನ ಡ್ರಾಯರ್ ಎಳೆದು ನೋಡಿದೆ. ಮೂಲೆಯಲ್ಲಿ ಅವರ ರಬ್ಬರ್ ಬ್ಯಾಂಡುಗಳು ಇನ್ನೂ ಇದ್ದವು. ಅವುಗಳನ್ನು ಅಲ್ಲೇ ಬಿಟ್ಟು, ಕೈ ತುಂಬ ಬಳೆ ಗಲಗಲ ಅನ್ನಿಸುತ್ತಲೇ ಒಳಗೆ ಹೋದೆ.